ನೀರು ಕಂಡರೆ ಓಡುವ ಮಕ್ಕಳು: ಯಾವ ಪೂಲ್, ಯಾವ ಕೋಚ್, ಯಾವ ಕಾಲ?

ಆಟಿಸಂ ಇರುವ ತುಂಬಾ ಮಕ್ಕಳು ನೀರು ಕಂಡರೆ ಓಡುತ್ತಾರೆ. ಕೆಲವರು ನೀರಿನ ಕಡೆಗೆ, ಇನ್ನು ಕೆಲವರು ನೀರಿನಿಂದ ದೂರಕ್ಕೆ.

ನನ್ನ ಮಗ ಮೊದಲನೇ ಗುಂಪು. ಮೂರು ವರ್ಷದವನಿದ್ದಾಗ ನೆಂಟರ ಮನೆ ಗೃಹಪ್ರವೇಶದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರೆ, ಇವನು ಹಿತ್ತಲಿನ ತೊಟ್ಟಿಯಲ್ಲಿ ಬಟ್ಟೆ ಸಮೇತ ಕೂತಿದ್ದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕನ ಮಗಳು ಎರಡನೇ ಗುಂಪು. ತಲೆ ಮೇಲೆ ಒಂದು ಚೊಂಬು ನೀರು ಹಾಕಿದರೆ ಪಕ್ಕದ ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ಇಬ್ಬರಿಗೂ ಆಟಿಸಂ. ಇಬ್ಬರನ್ನೂ ಒಂದೇ ಬೇಸಿಗೆ ಶಿಬಿರಕ್ಕೆ, ಒಂದೇ ಬ್ಯಾಚಿಗೆ ಸೇರಿಸಿದೆವು. ನಾಲ್ಕನೇ ದಿನಕ್ಕೆ ಇಬ್ಬರನ್ನೂ ಬಿಡಿಸಿದೆವು. ಅವಳು ನೀರಿಗೆ ಇಳಿಯಲಿಲ್ಲ. ಇವನು ಮೇಲೆ ಬರಲಿಲ್ಲ.

ಆಮೇಲಿನ ಆರು ವರ್ಷದಲ್ಲಿ ಬೆಂಗಳೂರಿನಲ್ಲೇ ಐದಾರು ಪೂಲು, ಏಳೆಂಟು ಕೋಚುಗಳನ್ನು ನೋಡಿದ್ದೇವೆ. ನಾನು ಥೆರಪಿಸ್ಟ್ ಅಲ್ಲ, ದಂಡೆಯ ಮೇಲೆ ಟವೆಲ್ ಹಿಡಿದು ಕೂತವಳು. "ಯಾವ ಪೂಲ್ ಒಳ್ಳೇದು ಹೇಳಿ" ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ತಿರುಗಿಸಿ ಕೇಳುವುದು ಒಂದೇ: ನಿಮ್ಮ ಮಗು ಯಾವ ಕಡೆಗೆ ಓಡುತ್ತೆ? ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಈಜು ಯಾತಕ್ಕೆ

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಲೆಕ್ಕ ಕೊಟ್ಟರು. 15 ವರ್ಷದೊಳಗಿನ ಆಟಿಸಂ ಇರುವ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಅಪಾಯ ಅಲ್ಲಿನ ಎಲ್ಲ ಮಕ್ಕಳ ಸರಾಸರಿಗಿಂತ 160 ಪಟ್ಟು. ಅದಕ್ಕೂ ಮೊದಲು, 2012ರಲ್ಲಿ ಅಮೆರಿಕದಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ವರ್ಷ ದಾಟಿದ ಆಟಿಸಂ ಮಕ್ಕಳಲ್ಲಿ 49% ಮಂದಿ ಒಂದು ಸಲವಾದರೂ ಯಾರಿಗೂ ಹೇಳದೆ ಕಣ್ತಪ್ಪಿಸಿ ಹೋಗಲು ನೋಡಿದವರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಣ್ತಪ್ಪಿಸಿ ಹೋದ ಮಗುವನ್ನು ನೀರು ಸೆಳೆಯುತ್ತದೆ.

"ನೀರು ಅಂದ್ರೆ ಪ್ರಾಣ ಇವನಿಗೆ" ಅಂತ ನಾವು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆವು. ಇದನ್ನು ಓದಿದ ಮೇಲೆ ಆ ಮಾತು ಆಡುವುದನ್ನೇ ಬಿಟ್ಟೆ.

ಹಾಗಾಗಿ ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಫ್ರೀಸ್ಟೈಲ್ ಅಲ್ಲವೇ ಅಲ್ಲ. ನೀರಿಗೆ ಬಿದ್ದರೆ ತಿರುಗಿ ಗೋಡೆ ಹಿಡಿಯಬೇಕು. ಅಂಗಾತ ತೇಲಿ ಉಸಿರಾಡಬೇಕು. ಏಣಿ ಅಥವಾ ಮೆಟ್ಟಿಲು ಹುಡುಕಿ ಮೇಲೆ ಹತ್ತಬೇಕು. ಈ ಮೂರು ಬಂದ ಮೇಲೆ ಮಿಕ್ಕಿದ್ದೆಲ್ಲ ಆಟ. ಹೆಚ್ಚಿನ ಕೋಚುಗಳು ಮೊದಲ ದಿನವೇ ಕಂಬಿ ಹಿಡಿಸಿ ಕಾಲು ಹೊಡೆಸುತ್ತಾರೆ. ಈ ಮೂರನ್ನು ಯಾವಾಗ ಕಲಿಸುತ್ತೀರಿ ಅಂತ ಸೇರಿಸುವ ಮೊದಲೇ ಕೇಳಿ.

ಬಚ್ಚಲುಮನೆ ಪರೀಕ್ಷೆ

ಎದೆಮಟ್ಟದ ನೀರಿನಲ್ಲಿ ನಿಂತರೆ ನೀರು ಎಲ್ಲ ಕಡೆಯಿಂದಲೂ ಮೈಯನ್ನು ಒತ್ತುತ್ತದೆ. ಆಳಕ್ಕೆ ಹೋದಷ್ಟೂ ಒತ್ತಡ ಜಾಸ್ತಿ. ಯಾರೋ ಬಿಗಿಯಾಗಿ ಅಪ್ಪಿಕೊಂಡು ಬಿಡದೇ ಇದ್ದ ಹಾಗೆ. ತನ್ನ ಕೈಕಾಲು ಎಲ್ಲಿವೆ ಅನ್ನುವುದೇ ಸರಿಯಾಗಿ ತಿಳಿಯದೆ ಇಡೀ ದಿನ ಕುಣಿದು, ಗೋಡೆಗೆ ಡಿಕ್ಕಿ ಹೊಡೆದು ಮೈಯನ್ನು ಹುಡುಕಿಕೊಳ್ಳುವ ಮಗುವಿಗೆ ಇದು ದೊಡ್ಡ ಸಮಾಧಾನ. ತಲೆ ಮುಳುಗಿಸಿದರೆ ಹೊರಗಿನ ಗಲಾಟೆಯೂ ಬಂದ್. ನನ್ನ ಮಗ ಮೇಲೆ ಬರದೆ ಕೂತದ್ದು ಹಟಕ್ಕಲ್ಲ ಅಂತ ನನಗೆ ಅರ್ಥವಾಗಲು ವರ್ಷ ಹಿಡಿಯಿತು.

ಅದೇ ನೀರು ಅಕ್ಕನ ಮಗಳಿಗೆ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತದೆ, ಅವಳಿಗೆ ಅದು ಚಳಿಯಲ್ಲ, ಏಟು. ಮುಖದ ಮೇಲೆ ಬೀಳುವ ಹನಿ ಸೂಜಿ ಚುಚ್ಚಿದ ಹಾಗೆ. ಅಂಗಾತ ಮಲಗಿಸಿದರೆ ತಲೆ ಹಿಂದಕ್ಕೆ ವಾಲುತ್ತದೆ, ಕಿವಿ ಮುಳುಗುತ್ತದೆ, ಕಾಲ ಕೆಳಗೆ ನೆಲ ಇರುವುದಿಲ್ಲ. ಮೈಯ ಸಮತೋಲ ನೋಡಿಕೊಳ್ಳುವ ಒಳಕಿವಿ ಸೂಕ್ಷ್ಮವಾಗಿರುವ ಮಗುವಿಗೆ ಇದು ಬಾವಿಗೆ ಬೀಳುತ್ತಿರುವ ಅನುಭವ. ನಾವು ಅದನ್ನು ಹೆದರಿಕೆ ಅನ್ನುತ್ತೇವೆ.

ಇದು ಮುದ್ದು ಮಾಡಿ ಕೆಡಿಸಿದ್ದರ ಫಲ ಅಂತ ಹೇಳುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ 1970ರ ದಶಕದಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯು ಇಂದ್ರಿಯಗಳ ಈ ಹೆಚ್ಚು ಕಡಿಮೆಯನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಸೇರಿಸಿತು. ಅತ್ತೆಗೆ ಇದನ್ನು ಹೇಳಿ ನನಗೇನೂ ಉಪಯೋಗವಾಗಲಿಲ್ಲ, ಅದು ಬೇರೆ ಮಾತು.

ಪೂಲ್ ಹುಡುಕುವ ಮೊದಲು ಒಂದು ವಾರ ಬಚ್ಚಲುಮನೆಯಲ್ಲಿ ಗಮನಿಸಿ. ತಲೆಗೆ ನೀರು ಹಾಕಿದರೆ ಏನು ಮಾಡುತ್ತಾನೆ? ಮುಖಕ್ಕೆ ಹಾಕಿದರೆ? ಎಷ್ಟು ಬಿಸಿ ಇದ್ದರೆ ಒಪ್ಪುತ್ತಾನೆ? ಬಕೆಟ್ಟಿನ ನೀರು ಸರಿ, ಶವರ್ ಬೇಡ ಅನ್ನುತ್ತಾನಾ? ಬಚ್ಚಲಿನ ಹೊರಗೂ ನೋಡಿ. ಕುಕ್ಕರ್ ಕೂಗಿದರೆ ಕಿವಿ ಮುಚ್ಚುವ ಮಗು ಕೋಚ್ ಊದುವ ಸೀಟಿಗೂ ಮುಚ್ಚುತ್ತದೆ. ಜೋಕಾಲಿಯಲ್ಲಿ ಹಿಂದಕ್ಕೆ ವಾಲಿದರೆ ಗಾಬರಿಯಾಗುವ ಮಗುವಿಗೆ ಅಂಗಾತ ತೇಲುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಒಂದು ಮಗುವಿನಲ್ಲೇ ಎರಡೂ ಇರಬಹುದು. ನನ್ನ ಮಗನಿಗೆ ಆಳದ ಒತ್ತಡ ಬೇಕು, ಆದರೆ ಪಕ್ಕದಲ್ಲಿ ಯಾರಾದರೂ ನೀರು ಎರಚಿದರೆ ಸಹಿಸಲಾರ. ಬರೆದಿಟ್ಟುಕೊಳ್ಳಿ. ಕೋಚಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಯಾವ ಪೂಲ್

ಅಪಾರ್ಟ್‌ಮೆಂಟ್ ಪೂಲ್ ಎಲ್ಲರ ಮೊದಲ ಆಯ್ಕೆ, ಹತ್ತಿರ ಅನ್ನುವ ಒಂದೇ ಕಾರಣಕ್ಕೆ. ನೀರಿನಿಂದ ದೂರ ಓಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅನಿಸಿಕೆ. ಮಧ್ಯಾಹ್ನ ಎರಡು ಗಂಟೆಗೆ ಯಾರೂ ಇರುವುದಿಲ್ಲ. ಹತ್ತು ನಿಮಿಷಕ್ಕೆ ಇಳಿದು ವಾಪಸ್ ಬರಬಹುದು. ಒಂದು ದಿನ ಬರೀ ದಂಡೆಯಲ್ಲಿ ಕೂತು ಪಾದ ಅದ್ದಬಹುದು, ಕ್ಲಾಸಿನ ದುಡ್ಡು ಹಾಳಾಯಿತು ಅಂತ ಸಂಕಟ ಇಲ್ಲ. ಸ್ನಾನಕ್ಕೆ ಮನೆಗೇ ಹೋಗಬಹುದು. ಅಕ್ಕನ ಮಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದದ್ದು ಇಂಥ ಪೂಲಿನಲ್ಲೇ. ಮೂರು ಮೆಟ್ಟಿಲಿಗೆ ನಾಲ್ಕು ತಿಂಗಳು.

ಆದರೆ ನೀರಿನ ಕಡೆಗೆ ಓಡುವ ಮಗು ಇದ್ದ ಮನೆಗೆ ಕೆಳಗಡೆಯೇ ಪೂಲ್ ಇರುವುದು ಅನುಕೂಲವೂ ಹೌದು, ಅಪಾಯವೂ ಹೌದು. ಹೆಚ್ಚಿನ ಕಡೆ ಜೀವರಕ್ಷಕ ಅಂತ ಇರುವುದು ಒಂದು ಬೋರ್ಡ್ ಮಾತ್ರ. ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಚಿಲಕ ಇದೆಯಾ, ಅದು ಮಗುವಿನ ಕೈಗೆ ಎಟುಕುತ್ತಾ ನೋಡಿ. ಇಲ್ಲದಿದ್ದರೆ ಅಸೋಸಿಯೇಷನ್ನಿಗೆ ಬರೆದು ಕೊಡಿ. ಸೆಕ್ಯುರಿಟಿಯವರಿಗೆ ಮಗುವಿನ ಮುಖ ಪರಿಚಯ ಮಾಡಿಸಿ. ನಾವು ಅದನ್ನು ಮಾಡಿದ ಎರಡನೇ ವಾರಕ್ಕೇ ಒಬ್ಬ ಸೆಕ್ಯುರಿಟಿ ಅಣ್ಣ ಇವನನ್ನು ಕೈಹಿಡಿದು ಮನೆಗೆ ತಂದು ಬಿಟ್ಟರು.

ಊರಿನ ದೊಡ್ಡ ಪೂಲುಗಳದ್ದು ಬೇರೆ ಲೆಕ್ಕ. ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಹಲಸೂರಿನ ಕೆನ್ಸಿಂಗ್ಟನ್ ಪೂಲ್, ಹೀಗೆ ಹಳೆಯ ಹೆಸರುಗಳು ನಿಮಗೂ ಗೊತ್ತು. ಇಂಥ ಕಡೆ ಈಜು ಒಂದು ಶಿಸ್ತು. ಕಾಯುವವರು ಇರುತ್ತಾರೆ. ಬಯಲಿನ ಪೂಲ್ ಆದರೆ ಗಲಾಟೆ ಆಕಾಶಕ್ಕೆ ಹೋಗುತ್ತದೆ, ಕಿವಿಗೆ ಬಡಿಯುವುದಿಲ್ಲ. ನನ್ನ ಮಗನಿಗೆ ಕೊನೆಗೆ ಹೊಂದಿದ್ದು ಇಂಥ ದೊಡ್ಡ ಪೂಲೇ. ಉದ್ದ ಜಾಸ್ತಿ ಇದ್ದಷ್ಟು ಅವನಿಗೆ ಕೆಲಸ ಜಾಸ್ತಿ, ಕೆಲಸ ಜಾಸ್ತಿ ಇದ್ದಷ್ಟು ರಾತ್ರಿ ನಿದ್ದೆ.

ತೊಡಕು ಏನೆಂದರೆ ಚಳಿ. ಸ್ಪರ್ಧೆಯ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ಅಂತಾರಾಷ್ಟ್ರೀಯ ನಿಯಮ. ಅದು ಬಿಡದೆ ಈಜುವವರಿಗೆ ಹದ. ಕಂಬಿ ಹಿಡಿದು ತನ್ನ ಸರದಿಗೆ ಕಾಯುವ ಸಣ್ಣ ಮಗುವಿಗೆ ಐದೇ ನಿಮಿಷದಲ್ಲಿ ತುಟಿ ನೀಲಿಯಾಗುತ್ತದೆ. ಬಿಸಿ ಮಾಡದ ಬಯಲು ಪೂಲುಗಳು ಬೆಂಗಳೂರಿನ ಡಿಸೆಂಬರಿನಲ್ಲಿ ಇದಕ್ಕಿಂತಲೂ ತಣ್ಣಗಿರುತ್ತವೆ.

ಒಳಾಂಗಣದ ಬಿಸಿನೀರಿನ ಪೂಲುಗಳು ಈಗ ಎಲ್ಲ ಬಡಾವಣೆಗಳಲ್ಲೂ ಬರುತ್ತಿವೆ. ನೀರು ಹಿತ, ಮಳೆ ಬಿಸಿಲಿನ ಚಿಂತೆ ಇಲ್ಲ. ಜಾಹೀರಾತಿನಲ್ಲಿ ಇರದ ವಿಷಯ ಸದ್ದು. ಟೈಲ್ಸ್, ತಗಡಿನ ಸೂರು, ನೀರು. ಮೂರೂ ಸೇರಿ ಒಂದು ಮಗು ಕೂಗಿದರೆ ಹತ್ತು ಮಕ್ಕಳು ಕೂಗಿದ ಹಾಗೆ. ನೋಡಲು ಹೋದಾಗ ಖಾಲಿ ಇರುವ ಹೊತ್ತಿಗೆ ಹೋಗಬೇಡಿ, ಬ್ಯಾಚ್ ನಡೆಯುವಾಗ ಹೋಗಿ ಕಣ್ಣು ಮುಚ್ಚಿ ಎರಡು ನಿಮಿಷ ನಿಲ್ಲಿ.

ವಾಸನೆಯನ್ನೂ ನೋಡಿ. ಕ್ಲೋರಿನ್ ವಾಸನೆ ಗಾಢವಾಗಿದ್ದರೆ ಪೂಲ್ ಸ್ವಚ್ಛ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಿಜ ಉಲ್ಟಾ. ಮೂಗಿಗೆ ಹೊಡೆಯುವುದು ಬರೀ ಕ್ಲೋರಿನ್ ಅಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್. ಕಣ್ಣು ಉರಿಸುವುದೂ ಅದೇ. ಮುಚ್ಚಿದ ಕಟ್ಟಡದಲ್ಲಿ ಅದು ನೀರಿನ ಮೇಲೇ ನಿಂತಿರುತ್ತದೆ, ಮಗುವಿನ ಮೂಗು ಇರುವ ಎತ್ತರದಲ್ಲೇ. ವಾಸನೆಗೆ ಸೂಕ್ಷ್ಮ ಇರುವ ಮಗುವಾದರೆ ಬೆಳಗಿನ ಮೊದಲ ಬ್ಯಾಚ್ ಕೇಳಿ.

ಥೆರಪಿ ಪೂಲ್, ಅಂದರೆ ಆಸ್ಪತ್ರೆ ಅಥವಾ ಪುನರ್ವಸತಿ ಕೇಂದ್ರದ 33 ಡಿಗ್ರಿ ಆಸುಪಾಸಿನ ಸಣ್ಣ ಕೊಳ, ಸಿಕ್ಕರೆ ಶುರುವಿಗೆ ಚೆನ್ನ. ಸಿಗುವುದು ಕಷ್ಟ, ದುಬಾರಿ. ಅಲ್ಲೇ ಇದ್ದುಬಿಡಬೇಡಿ. ಬೆಚ್ಚಗಿನ, ಎದೆಮಟ್ಟದ, ಸದ್ದಿಲ್ಲದ ನೀರಿನಲ್ಲಿ ಕಲಿತದ್ದನ್ನು ಮಗು ಬೇರೆ ನೀರಿಗೆ ತಾನಾಗಿ ಒಯ್ಯುವುದಿಲ್ಲ.

ಇನ್ನು ಊರಿನ ಬಾವಿ, ಕೆರೆ, ಹೊಳೆ. "ಬೇಸಿಗೆ ರಜಕ್ಕೆ ಇಲ್ಲಿ ಬಿಡು, ಬಾವಿಗೆ ನೂಕಿದ್ರೆ ವಾರದಲ್ಲಿ ಈಜ್ತಾನೆ" ಅಂತ ನಮ್ಮ ದೊಡ್ಡಪ್ಪ ಪ್ರತಿ ವರ್ಷ ಹೇಳುತ್ತಾರೆ. ಅವರು ಕಲಿತದ್ದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು. ಒಳ್ಳೆಯ ಈಜುಗಾರರೂ ಹೌದು. ಆದರೆ ನೂಕಿ ಕಲಿಸುವುದರ ಹಿಂದೆ ಒಂದು ಲೆಕ್ಕ ಇದೆ: ಮಗು ಗಾಬರಿಯಾಗುತ್ತದೆ, ಗಾಬರಿಗೆ ಕೈಕಾಲು ಬಡಿಯುತ್ತದೆ, ಬಡಿಯುತ್ತಾ ತೇಲುತ್ತದೆ. ನಮ್ಮ ಮಕ್ಕಳು ಗಾಬರಿಯಾದರೆ ಕೈಕಾಲು ಬಡಿಯದೆ ಸೆಟೆದು ನಿಂತುಬಿಡಬಹುದು, ಅಥವಾ ನಗುತ್ತಾ ತಳಕ್ಕೆ ಹೋಗಬಹುದು. ಕೆರೆಯ ಕೆಸರು ನೀರಿನಲ್ಲಿ ತಳ ಕಾಣುವುದಿಲ್ಲ. ಹಿಡಿಯಲು ಗೋಡೆ ಇಲ್ಲ. ನಿನ್ನೆ ಮೊಣಕಾಲಿಗಿದ್ದ ಹೊಳೆ ಇವತ್ತು ಎದೆಗೆ. ಕಲಿಯಲು ಇವು ಬೇಡವೇ ಬೇಡ. ಕರಾವಳಿಯ ಬೀಚೂ ಅಷ್ಟೇ, ಅಲೆ ಹಿಂದಕ್ಕೆ ಎಳೆಯುವಾಗ ಕಾಲ ಕೆಳಗಿನ ಮರಳೇ ಜಾರುತ್ತದೆ.

ಪೂಲಿನಲ್ಲಿ ಚೆನ್ನಾಗಿ ಬಂದ ಮೇಲೆ ಮಾತ್ರ ಒಂದು ಕೆಲಸ ಮಾಡಿ. ಕೋಚ್ ಪಕ್ಕದಲ್ಲಿರುವಾಗ ದಿನನಿತ್ಯದ ಬಟ್ಟೆಯಲ್ಲೇ, ಗಾಗಲ್ಸ್ ಇಲ್ಲದೆ ಒಮ್ಮೆ ಇಳಿಸಿ. ನಿಜವಾಗಿ ಬೀಳುವ ದಿನ ಈಜುಡುಗೆ ಹಾಕಿಕೊಂಡಿರುವುದಿಲ್ಲ, ಅಲ್ವಾ? ನನ್ನ ಮಗ ಮೊದಲ ಸಲ ಚಡ್ಡಿ, ಟೀಶರ್ಟಿನಲ್ಲಿ ಇಳಿದಾಗ ಈಜೇ ಮರೆತವನ ಹಾಗೆ ನಿಂತಿದ್ದ. ಅವನ ಮಟ್ಟಿಗೆ ಈಜು ಅನ್ನುವುದು ನೀಲಿ ಚಡ್ಡಿಯ ಜೊತೆ ಬರುವ ಸಂಗತಿಯಾಗಿತ್ತು.

ಬ್ಯಾಚಾ, ಒಬ್ಬರಿಗೊಬ್ಬರಾ

ಬೇಸಿಗೆ ಶಿಬಿರದ ಬ್ಯಾಚ್ ಅಗ್ಗ. ಒಂದು ಗಂಟೆಯ ಕ್ಲಾಸಿನಲ್ಲಿ ನಿಮ್ಮ ಮಗುವಿಗೆ ಕೋಚಿನ ಕೈ ಸಿಗುವುದು ಐದು ನಿಮಿಷ. ಉಳಿದ 55 ನಿಮಿಷ ಕಾಯುವುದು. ಕಾಯುವುದೇ ನಮ್ಮ ಮಕ್ಕಳಿಗೆ ಅತಿ ಕಷ್ಟದ ಪಾಠ, ಅದನ್ನು ಚಳಿಯಲ್ಲಿ, ಗಲಾಟೆಯಲ್ಲಿ, ಒದ್ದೆ ಮೈಯಲ್ಲಿ ಕಲಿಸಲು ಹೊರಡುವುದು ಅನ್ಯಾಯ.

ಪರ್ಸನಲ್ ಕೋಚಿಂಗ್ ದುಬಾರಿ. ನಮಗೆ ಬ್ಯಾಚಿನ ಮೂರು ಪಟ್ಟು ಕೇಳಿದರು. ಒಂದು ಗಂಟೆಯ ಬದಲು ಅರ್ಧ ಗಂಟೆ ಸಾಕು, ಅರ್ಧ ದುಡ್ಡು ತೆಗೆದುಕೊಳ್ಳಿ ಅಂದೆ. ಕೆಲವರು ಒಪ್ಪುತ್ತಾರೆ, ಕೇಳುವುದರಲ್ಲಿ ತಪ್ಪಿಲ್ಲ. ಅರ್ಧ ಗಂಟೆಯ ಮೇಲೆ ಮಗುವಿನ ತಲೆಗೆ ಏನೂ ಹೋಗುವುದಿಲ್ಲ ಹೇಗಿದ್ದರೂ.

ನನಗೆ ಇಷ್ಟವಾದದ್ದು ನಡುವಿನ ದಾರಿ. ಒಬ್ಬ ಕೋಚ್, ಇಬ್ಬರು ಮಕ್ಕಳು, ಅದರಲ್ಲಿ ಒಬ್ಬರು ಅಣ್ಣನೋ ತಂಗಿಯೋ ಪರಿಚಯದ ಮಗುವೋ. ಮಾತಿನಲ್ಲಿ ಹೇಳಿದ್ದು ತಲುಪದ ಕಡೆ ಪಕ್ಕದವರನ್ನು ನೋಡಿ ಮಾಡುವುದು ತಲುಪುತ್ತದೆ. ಒಬ್ಬರು ಮಾಡುವಾಗ ಇನ್ನೊಬ್ಬರಿಗೆ ಸಿಗುವ ಬಿಡುವೂ ಎರಡೇ ನಿಮಿಷ, ಅಷ್ಟು ಕಾಯಬಲ್ಲರು.

ಕೋಚಿಗೆ ಆಟಿಸಂ ಬಗ್ಗೆ ಸರ್ಟಿಫಿಕೇಟ್ ಇರಲೇಬೇಕು ಅಂತಿಲ್ಲ. ಮಗುವನ್ನು ಕರೆದುಕೊಂಡು ಹೋಗದೆ, ನೀವೊಬ್ಬರೇ ಹೋಗಿ ಅವರ ಒಂದು ಕ್ಲಾಸ್ ನೋಡಿ. ಅಳುವ ಮಗುವಿಗೆ ಏನು ಮಾಡುತ್ತಾರೆ? "ಏನೂ ಆಗಲ್ಲ, ಹೆದರಬೇಡ" ಅನ್ನುತ್ತಾ ಮುಳುಗಿಸುವವರು ಒಂದು ಬಗೆ. "ಮೂರು ಎಣಿಸ್ತೀನಿ, ಮೂರಕ್ಕೆ ಎತ್ತುತೀನಿ" ಅಂದು ಸರಿಯಾಗಿ ಮೂರಕ್ಕೇ ಎತ್ತುವವರು ಇನ್ನೊಂದು ಬಗೆ. ನಮಗೆ ಬೇಕಾದದ್ದು ಎರಡನೆಯವರು. ಒಂದು ಸಲ ನಾಲ್ಕಕ್ಕೆ ಎತ್ತಿದರೂ ನಂಬಿಕೆ ಹೋಯಿತು, ಮತ್ತೆ ಬರಲು ತಿಂಗಳು ಬೇಕು. ಅಕ್ಕನ ಮಗಳ ಎರಡನೇ ಕೋಚ್ ಒಂದೇ ಒಂದು ದಿನ "ಅಭ್ಯಾಸ ಆಗ್ಲಿ" ಅಂತ ಹೇಳದೆ ಕೇಳದೆ ಮುಳುಗಿಸಿದರು. ಆಮೇಲೆ ಎಂಟು ತಿಂಗಳು ಅವಳು ಮನೆಯಲ್ಲಿ ತಲೆ ಸ್ನಾನಕ್ಕೂ ಒಪ್ಪಲಿಲ್ಲ.

ಮಾತು ಹೇಗಿದೆ ಅನ್ನುವುದನ್ನೂ ಕೇಳಿಸಿಕೊಳ್ಳಿ. ನನ್ನ ಮಗನಿಗೆ ಒಬ್ಬ ಕೋಚ್ "ಗೋಡೆ ಬಿಡಬೇಡ" ಅಂದರು. ಇವನು ಬಿಡಲೇ ಇಲ್ಲ, ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೂ. ಬೇಡ ಅನ್ನುವ ಬದಲು ಬೇಕಾದದ್ದನ್ನು, ಎರಡು ಮೂರು ಪದದಲ್ಲಿ, ಪ್ರತಿ ಸಲ ಅದೇ ಪದದಲ್ಲಿ ಹೇಳುವವರು ಸಿಕ್ಕರೆ ಬಿಡಬೇಡಿ. "ತಿರುಗು. ಗೋಡೆ. ಹತ್ತು." ನಮ್ಮ ಈಗಿನ ಕೋಚಿನ ಇಡೀ ಪಾಠ ಇಷ್ಟೇ. ಸೀಟಿ ಊದದೆ ಕೈಸನ್ನೆಯಲ್ಲಿ ಕರೆಯುತ್ತೀರಾ ಅಂತ ಕೇಳಿದಾಗ ನಕ್ಕು ಒಪ್ಪಿದ್ದರು.

ಹ್ಯಾಲಿವಿಕ್ ಅನ್ನುವ ಪದ್ಧತಿಯ ಹೆಸರು ಥೆರಪಿ ಸೆಂಟರುಗಳಲ್ಲಿ ಕೇಳಿರಬಹುದು. 1949ರಲ್ಲಿ ಜೇಮ್ಸ್ ಮೆಕ್‌ಮಿಲನ್ ಅನ್ನುವವರು ಲಂಡನ್ನಿನ ಹ್ಯಾಲಿವಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ, ದೈಹಿಕ ತೊಂದರೆ ಇದ್ದ ಹುಡುಗಿಯರಿಗಾಗಿ ಶುರು ಮಾಡಿದ್ದು. ಹತ್ತು ಹಂತ, ಒಬ್ಬರಿಗೊಬ್ಬರು, ಟ್ಯೂಬು ಗೀಬು ಏನೂ ಇಲ್ಲ. ಮೊದಲ ಹಂತ ನೀರಿಗೆ ಮನಸ್ಸು ಹೊಂದುವುದು, ಆಮೇಲೆ ಮೈ ತಿರುಗಿಸುವುದು, ಈಜಿನ ಹೊಡೆತ ಬರುವುದು ಕೊನೆಗೆ. ಇದನ್ನು ಕಲಿತ ಕೋಚ್ ಸಿಗದಿದ್ದರೂ ಈ ಅನುಕ್ರಮವನ್ನು ಕದಿಯಬಹುದು, ಯಾರೂ ಕೇಳುವುದಿಲ್ಲ.

ಮುಂಬೈನ ಜಿಯಾ ರಾಯ್ ಬಗ್ಗೆ ನಿಮಗೂ ನೆಂಟರು ವಿಡಿಯೋ ಕಳಿಸಿರುತ್ತಾರೆ. ಆಟಿಸಂ ಇರುವ ಹುಡುಗಿ, 2022ರಲ್ಲಿ ಪಾಕ್ ಜಲಸಂಧಿ, 2024ರಲ್ಲಿ ಇಂಗ್ಲಿಷ್ ಕಾಲುವೆ ಈಜಿ ದಾಟಿದವಳು. ನೋಡಿದರೆ ಎದೆ ಉಬ್ಬುತ್ತದೆ. ಅದನ್ನು ತಂದು ನಮ್ಮ ಮಗುವಿನ ಪಕ್ಕ ಅಳತೆಗೋಲಾಗಿ ನಿಲ್ಲಿಸುವ ಕೋಚ್ ಸಿಕ್ಕರೆ ಮಾತ್ರ ನಾನು ಬೇರೆ ಕೋಚ್ ನೋಡುತ್ತೇನೆ.

ಮೈಮೇಲೆ ಏನು

ಟೋಪಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಬ್ಬರಿನದು ಕೂದಲು ಕೀಳುತ್ತದೆ, ಸಿಲಿಕಾನ್ ಬಿಗಿ, ಬಟ್ಟೆಯದು ಮೆತ್ತಗೆ. ಬಟ್ಟೆಯದನ್ನೇ ತಗೊಳ್ಳಿ.

ಈಜುಡುಗೆ ನೈಲಾನೇ ಆಗಬೇಕು ಅನ್ನುತ್ತವೆ ಹೆಚ್ಚಿನ ಪೂಲುಗಳು. ಸಡಿಲ ಚಡ್ಡಿ ನೀರಿನಲ್ಲಿ ಊದಿಕೊಂಡು ಕಾಲಿಗೆ ಬಡಿಯುತ್ತದೆ, ಅದು ಕೆಲವು ಮಕ್ಕಳಿಗೆ ಆಗುವುದೇ ಇಲ್ಲ. ಮೈಗಂಟುವ ಪೂರ್ತಿ ತೋಳಿನ ಈಜುಡುಗೆ ಒತ್ತಡ ಬೇಕಾದ ಮಗುವಿಗೂ ಒಳ್ಳೆಯದು, ಹನಿ ತಾಗಿದರೆ ಹೆದರುವ ಮಗುವಿಗೂ ಒಳ್ಳೆಯದು. ಲೇಬಲ್ ಕತ್ತರಿಸಿ, ಒಂದು ವಾರ ಮನೆಯಲ್ಲಿ ಹಾಕಿಸಿ ಅಭ್ಯಾಸ ಮಾಡಿಸಿ. ಬಣ್ಣ ಮಾತ್ರ ಹಟ ಹಿಡಿದು ಆರಿಸಿ. ನೀಲಿ, ಬಿಳಿ ನೀರಿನೊಳಗೆ ಕಾಣೆಯಾಗುತ್ತವೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ ದೂರಕ್ಕೂ ಕಾಣುತ್ತವೆ. ಆ ನೀಲಿ ಚಡ್ಡಿಯನ್ನು ಬದಲಾಯಿಸಲು ನಮಗೆ ಮೂರು ತಿಂಗಳು ಬೇಕಾಯಿತು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಗಾಗಲ್ಸ್ ಕಣ್ಣಿನ ಸುತ್ತ ಹೀರಿಕೊಂಡು ಕೂರುತ್ತದೆ. ಅದು ಬೇಡ ಅನ್ನುವ ಮಕ್ಕಳಿಗೆ ಹಣೆಯಿಂದ ಕೆನ್ನೆವರೆಗೆ ಬರುವ ಅಗಲವಾದದ್ದು ಸಿಗುತ್ತದೆ. ಮೂಗೂ ಮುಚ್ಚುವ ಮಾಸ್ಕ್ ಬೇಡ, ಮೂಗಿನಲ್ಲಿ ಗುಳ್ಳೆ ಬಿಡುವುದನ್ನು ಕಲಿಯಲು ಆಗುವುದಿಲ್ಲ. ಕಿವಿಗೆ ಮೇಣದ ಹಾಗೆ ಒತ್ತುವ ಸಿಲಿಕಾನ್ ಉಂಡೆ ಇದೆ, ಅದನ್ನು ಬಾಯಿಗೆ ಹಾಕುವ ಮಗುವಾದರೆ ಕಿವಿ ಮುಚ್ಚುವ ಪಟ್ಟಿ ಮೇಲು.

ತೇಲುವ ಸಾಮಾನಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಗಾಳಿ ತುಂಬುವ ತೋಳುಪಟ್ಟಿ, ಸೊಂಟದ ಟ್ಯೂಬು ಮಗುವನ್ನು ನೆಟ್ಟಗೆ ನಿಲ್ಲಿಸಿ ತೇಲಿಸುತ್ತವೆ. ಈಜುವಾಗ ಮೈ ಅಡ್ಡ ಇರಬೇಕು. ಅಂದರೆ ತಪ್ಪನ್ನೇ ಮೈಗೆ ಕಲಿಸಿದ ಹಾಗೆ. ಟ್ಯೂಬು ಮಗುಚಿದರೆ ತಲೆ ಕೆಳಗೆ, ಕಾಲು ಮೇಲೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಟ್ಯೂಬಿನಲ್ಲಿ ಆರು ತಿಂಗಳು ಆಡಿದ ಮಗು "ನೀರು ನನ್ನನ್ನು ಎತ್ತಿ ಹಿಡಿಯುತ್ತೆ" ಅಂತ ಕಲಿತಿರುತ್ತದೆ. ಎತ್ತಿ ಹಿಡಿದದ್ದು ಟ್ಯೂಬು ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ. ಒಂದು ದಿನ ಟ್ಯೂಬಿಲ್ಲದೆ ಸುಮ್ನೆ ನಡೆದು ಇಳಿಯುತ್ತದೆ. ನೀರಿನ ಕಡೆಗೆ ಓಡುವ ಮಗುವಿಗೆ ಇದನ್ನು ತರಲೇಬೇಡಿ. ಕೈಯಲ್ಲಿ ಹಿಡಿಯುವ ತೇಲುಹಲಗೆ (ಕಿಕ್ ಬೋರ್ಡ್), ಉದ್ದನೆಯ ಫೋಮ್ ಕೋಲು (ನೂಡಲ್) ಆಗಬಹುದು, ಬಿಟ್ಟರೆ ಮುಳುಗುತ್ತೇನೆ ಅಂತ ಮಗುವಿಗೇ ಗೊತ್ತಾಗುತ್ತದೆ. ದೋಣಿಯಲ್ಲಿ ಕೂರಿಸುವಾಗ ಮಾತ್ರ ಸರಿಯಾದ ಲೈಫ್ ಜಾಕೆಟ್.

ಹೋಗುವಾಗ, ಬರುವಾಗ

ನಮಗೆ ಕೈಕೊಟ್ಟದ್ದೆಲ್ಲ ನೀರಿನ ಹೊರಗೇ. ಇಳಿಯುವ ಮೊದಲು ಶವರ್ ಕಡ್ಡಾಯ ಅನ್ನುತ್ತಾರೆ, ಅದು ಸರಿಯಾದ ನಿಯಮವೇ. ಮನೆಯಲ್ಲಿ ಬಕೆಟ್ಟು, ಚೊಂಬಿನ ಸ್ನಾನಕ್ಕೆ ಒಗ್ಗಿದ ಮಗುವಿಗೆ ಆ ಶವರ್ ಮುಳ್ಳಿನ ಮಳೆ. ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ. ನಲ್ಲಿಯಿಂದ ಹಿಡಿದು ಭುಜದಿಂದ ಕೆಳಗೆ ಹಾಕಿದರೆ ಸಾಕು. ಅಕ್ಕನ ಮಗಳ ಕಿರುಚಾಟದಲ್ಲಿ ಅರ್ಧ ನಿಂತದ್ದು ಹತ್ತು ರೂಪಾಯಿಗೆ ತಂದ ಆ ಮಗ್ಗಿನಿಂದ.

ಮೇಲೆ ಬಾರದ ಮಗುವಿಗೆ "ಸಾಕು ಬಾ" ಅನ್ನುವುದು ಯುದ್ಧ ಸಾರಿದ ಹಾಗೆ. ನಾವು ಐದು ಕಿತ್ತಳೆ ಬಣ್ಣದ ಉಂಗುರ ಇಟ್ಟುಕೊಂಡೆವು. ಒಂದೊಂದು ಸುತ್ತಿಗೂ ಒಂದು ಉಂಗುರ ದಂಡೆಗೆ. ಐದನೆಯದು ಬಂದರೆ ಮನೆಗೆ. ಮೊದಲ ವಾರ ಕಷ್ಟ, ಆಮೇಲೆ ಅವನೇ ಎಣಿಸತೊಡಗಿದ. ಮೇಲೆ ಬಂದ ತಕ್ಷಣ ಮೈಮೇಲಿನ ಆ ಒತ್ತಡ ಒಮ್ಮೆಲೇ ಹೋಗುತ್ತದೆ, ಗಾಳಿ ತಣ್ಣಗೆ ತಾಗುತ್ತದೆ. ದಪ್ಪ ದೊಡ್ಡ ಟವೆಲಿನಲ್ಲಿ ಕೂಸನ್ನು ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ಎರಡು ನಿಮಿಷ ಹಿಡಿದುಕೊಂಡರೆ ಆಮೇಲಿನ ಅರ್ಧ ರಂಪ ತಪ್ಪುತ್ತದೆ. ಇಳಿಯುವ ಮೊದಲು ಹೊಟ್ಟೆ ತೀರಾ ತುಂಬಿರಬಾರದು, ಬಂದ ಮೇಲೆ ತಕ್ಷಣ ತಿನ್ನಲು ಏನಾದರೂ ಇರಬೇಕು.

ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಬರುವುದು ಉಳಿದವರಿಗಿಂತ ಜಾಸ್ತಿ. ಒಂದು ಸಲ ಬಂದಿದ್ದರೂ ಡಾಕ್ಟರನ್ನು ಕೇಳದೆ ಇಳಿಸಬೇಡಿ, ಕೋಚಿನಿಂದ ಮುಚ್ಚಿಡಬೇಡಿ. ಸೇರಿಸಿಕೊಳ್ಳುವುದಿಲ್ಲ ಅಂದಾರು ಅಂತ ಮುಚ್ಚಿಡುವವರನ್ನು ನೋಡಿದ್ದೇನೆ. ಅಂಥ ಮಗುವಿಗೆ ಬ್ಯಾಚ್ ಅನ್ನುವ ಆಯ್ಕೆಯೇ ಇಲ್ಲ, ಕೈ ಅಳತೆಯಲ್ಲಿ ಒಬ್ಬರು ಇರಲೇಬೇಕು. ಪೂಲಿನ ನೀರನ್ನು ಗಟಗಟ ಕುಡಿಯುವ ಮಗುವಿದ್ದರೆ ಇಳಿಯುವ ಮೊದಲು ಚೆನ್ನಾಗಿ ನೀರು ಕುಡಿಸಿ. ಗುಳ್ಳೆ ಬಿಡುವ ಆಟ ಬಂದ ಮೇಲೆ ನಮ್ಮಲ್ಲಿ ಅದು ತುಂಬಾ ಕಡಿಮೆಯಾಯಿತು.

ಯಾವಾಗ ಸೇರಿಸುವುದು

ಎಲ್ಲರೂ ಸೇರಿಸುವುದು ಏಪ್ರಿಲ್, ಮೇ. ನೀರು ಬೆಚ್ಚಗೆ, ಜನ ಜಾತ್ರೆ. ನಮ್ಮ ಮಕ್ಕಳಿಗೆ ಅದು ವರ್ಷದ ಅತಿ ಕೆಟ್ಟ ಕಾಲ. ಜೂನ್ ನಂತರ ಪೂಲ್ ಖಾಲಿ, ಆದರೆ ಮೋಡ, ಜಿಟಿಜಿಟಿ, ನೀರು ತಣ್ಣಗೆ. ಬಿಸಿನೀರಿನ ಪೂಲ್ ಇದ್ದರೆ ಆ ತಿಂಗಳುಗಳು ಚೆನ್ನ.

ನಾವು ಕಂಡುಕೊಂಡ ಕಾಲ ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ. ಶಿವರಾತ್ರಿ ಕಳೆದರೆ ಚಳಿ ಹೋಯಿತು ಅನ್ನುತ್ತಾರಲ್ಲ, ಆ ಹೊತ್ತಿಗೆ ಮಧ್ಯಾಹ್ನದ ಬಿಸಿಲಿಗೆ ಬಯಲಿನ ನೀರೂ ಹದವಾಗಿರುತ್ತದೆ. ಊರಿನ ಉಳಿದ ಮಕ್ಕಳೆಲ್ಲ ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುತ್ತಾರೆ. ಕೋಚುಗಳಿಗೂ ಕೆಲಸ ಕಡಿಮೆ, ಫೀಸಿನಲ್ಲಿ ಚೌಕಾಸಿ ಮಾಡಬಹುದು. ಹೋದ ಮಾರ್ಚಿನಲ್ಲಿ ಒಂದು ಮಂಗಳವಾರ ಮೂರು ಗಂಟೆಗೆ ಆ ಇಡೀ ಪೂಲಿನಲ್ಲಿ ಇದ್ದದ್ದು ಇಬ್ಬರೇ ಮಕ್ಕಳು. ಒಬ್ಬ ಆ ತುದಿಯಲ್ಲಿ ಉಂಗುರ ಎಣಿಸುತ್ತಿದ್ದ. ಒಬ್ಬಳು ಈ ತುದಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಮಗ್ಗಿನಿಂದ ತನ್ನ ತಲೆಗೆ ತಾನೇ ನೀರು ಹಾಕಿಕೊಳ್ಳುತ್ತಿದ್ದಳು.